‘ಬೋರ್ಡ್ ಹೋಗಿದೆ’ ಎನ್ನುವ ಮೊದಲು ಪರದೆಯ ಮೇಲಿನ ಸಾಲು ಓದಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆಮೇಲಿನಿಂದ ಹಾಸನದ ಬಿ.ಎಂ. ರಸ್ತೆಯಿಂದ ಹಿಡಿದು ಸಕಲೇಶಪುರ, ಅರಸೀಕೆರೆಯ ಪೇಟೆಬೀದಿಗಳವರೆಗೆ ದುರಸ್ತಿ ಅಂಗಡಿಗಳಿಗೆ ಒಂದೇ ಬಗೆಯ ದೂರು ಬರುತ್ತಿದೆ. ಎಂಟು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಮನೆಯಲ್ಲೇ ಯಾರೋ ಹೊಸ ಓಎಸ್, ಅಂದರೆ ವಿಂಡೋಸ್‌ನಂಥ ಮೂಲ ತಂತ್ರಾಂಶ, ಹಾಕಲು ಹೋಗಿದ್ದಾರೆ, ಅದು ಅರ್ಧಕ್ಕೆ ನಿಂತಿದೆ, ಈಗ ಹಳೆಯದೂ ಇಲ್ಲ ಹೊಸದೂ ಇಲ್ಲ. ಎಷ್ಟೋ ಕಡೆ ಸಿಗುವ ಉತ್ತರ ‘ಬೋರ್ಡ್ ಹೋಗಿದೆ ಸಾರ್, ಇನ್ನು ಇದಕ್ಕೆ ಖರ್ಚು ಮಾಡಬೇಡಿ’ ಎಂಬುದು. ಸರ್ಕಾರದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಪದವಿ ಕಾಲೇಜಿನ ಮಕ್ಕಳಿಗೆ ಸಿಕ್ಕ ಯಂತ್ರಗಳೂ ಈ ಮಾತಿಗೆ ಗುಜರಿ ಸೇರುತ್ತಿವೆ. ಅದನ್ನು ತಡೆಯಬೇಕೆಂದೇ ಈ ಪತ್ರ.

ಓಎಸ್ ಹಾಕುವ ಕೆಲಸ ಕೆಟ್ಟಿತು ಎಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡ್ ಸತ್ತಿತು ಎಂದು ಅರ್ಥವಲ್ಲ. ಬೋರ್ಡೇ ಪೂರ್ತಿ ಹೋಗಿದ್ದರೆ ಪರದೆಯ ಮೇಲೆ ಕಂಪನಿಯ ಲಾಂಛನವೂ ಮೂಡುತ್ತಿರಲಿಲ್ಲ, ಓಎಸ್‌ಗಿಂತ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯೋಸ್ ಒಳಗೆ ಹೋಗಲೂ ಆಗುತ್ತಿರಲಿಲ್ಲ. ಕೆಲಸ ಯಾವ ಹಂತದಲ್ಲಿ ನಿಂತಿತು, ಆಗ ಪರದೆಯಲ್ಲಿ ಏನು ಬರೆದಿತ್ತು, ಎರಡನೇ ಸಲ ಮಾಡಿದಾಗಲೂ ಅಲ್ಲೇ ನಿಂತಿತೇ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಕಾರಣ ಬಹುಪಾಲು ಸಿಕ್ಕಂತೆ. ಆದ್ದರಿಂದ ಯಾವ ಗುಂಡಿ ಒತ್ತುವ ಮೊದಲೂ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಗೆ ಒಯ್ಯುವಾಗ ಲ್ಯಾಪ್‌ಟಾಪಿನಷ್ಟೇ ಆ ಫೋಟೊ ಕೂಡ ಮುಖ್ಯ.

ಮೊದಲು ನಿಮ್ಮ ಯಂತ್ರಕ್ಕೆ ಯಾವ ಓಎಸ್ ಹೊಂದುತ್ತದೆ ನೋಡಿ. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್ ಮತ್ತು ನಂಬಿಕಸ್ತವಲ್ಲದ ತಂತ್ರಾಂಶದಿಂದ ಯಂತ್ರ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಸೌಲಭ್ಯ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ನಂತರದ ಪ್ರೊಸೆಸರ್ ಇರಬೇಕು. ಐ5-7200ಯು ಎಂದಿದ್ದರೆ ಅಡ್ಡಗೆರೆಯ ಮುಂದಿನ 7 ಎಂಬುದೇ ತಲೆಮಾರು, ಅದಕ್ಕೆ ಅಧಿಕೃತವಾಗಿ ಆಗುವುದಿಲ್ಲ. ಓಎಸ್ ಹಾಕುವ ಪೆನ್‌ಡ್ರೈವ್ ತಯಾರಿಸುವ ರೂಫಸ್ ತಂತ್ರಾಂಶದಲ್ಲಿ ಈ ತಪಾಸಣೆಯನ್ನು ದಾಟಿಸುವ ಆಯ್ಕೆ ಇದೆ, ಹಲವರು ಹಾಗೇ ಹಾಕಿಕೊಡುತ್ತಾರೆ. ಆದರೆ ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಭರವಸೆ ಇಲ್ಲ. ಕೋರ್ 2 ಡ್ಯುಯೊ ಕಾಲದ ಯಂತ್ರದಲ್ಲಂತೂ ವಿಂಡೋಸ್ 11ರ 24ಎಚ್2 ಆವೃತ್ತಿ ಶುರುವೇ ಆಗುವುದಿಲ್ಲ, ಅದಕ್ಕೆ ಬೇಕಾದ ಪ್ರೊಸೆಸರ್ ಆದೇಶಗಳೇ ಆ ಚಿಪ್‌ನಲ್ಲಿಲ್ಲ. ಹೀಗೆ ದಾಟಿಸಿ ಹಾಕಿದರೆ ಅದನ್ನು ಗಿರಾಕಿಗೆ ಮೊದಲೇ ಹೇಳುವುದು ಅಂಗಡಿಯವರ ಕರ್ತವ್ಯ.

ಇಂಥ ಯಂತ್ರಗಳಿಗೆ ನಾವು ಸೂಚಿಸುವುದು ಉಚಿತ ಓಎಸ್ ಆದ ಲಿನಕ್ಸ್ ಮಿಂಟ್‌ನ, ಹಳೆಯ ಯಂತ್ರಕ್ಕೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಕನಿಷ್ಠ 2 ಜಿಬಿ ರ್‍ಯಾಮ್ ಎನ್ನುತ್ತಾರಾದರೂ ಬ್ರೌಸರ್ ತೆರೆದು ಕೆಲಸ ಮಾಡಲು 4 ಜಿಬಿ ಇರಲೇಬೇಕು. ಪ್ರೊಸೆಸರ್ 64 ಬಿಟ್ ಆಗಿರಬೇಕು. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ವಿಂಡೋಸ್ 32 ಬಿಟ್ ಇದೆ ಎಂದಮಾತ್ರಕ್ಕೆ ಪ್ರೊಸೆಸರ್ ಕೂಡ 32 ಬಿಟ್ ಎಂದಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಟೈಪ್ ಎಂಬ ಸಾಲಿನಲ್ಲಿ ‘ಎಕ್ಸ್64 ಬೇಸ್ಡ್ ಪ್ರೊಸೆಸರ್’ ಎಂದಿದ್ದರೆ ಮಿಂಟ್ ಧಾರಾಳವಾಗಿ ಹಾಕಬಹುದು. ಪೆನ್‌ಡ್ರೈವ್‌ನಿಂದ ಶುರು ಮಾಡಿದೊಡನೆ ‘ದಿಸ್ ಕರ್ನಲ್ ರಿಕ್ವೈರ್ಸ್ ಆ್ಯನ್ ಎಕ್ಸ್86-64 ಸಿಪಿಯು’ ಎಂಬ ಸಾಲು ಬಂದರೆ ಮಾತ್ರ ಅದು ನಿಜವಾಗಿ 32 ಬಿಟ್ ಯಂತ್ರ. ಅಂಥದ್ದಕ್ಕೆ ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12 ಹಾಕಬಹುದು, 13ನೇ ಆವೃತ್ತಿಯಲ್ಲಿ 32 ಬಿಟ್ ಇನ್‌ಸ್ಟಾಲರ್ ಕೈಬಿಟ್ಟಿದ್ದಾರೆ.

ಇನ್ನು ಪೆನ್‌ಡ್ರೈವ್. ಕೆಡುವ ಇನ್‌ಸ್ಟಾಲ್‌ಗಳಲ್ಲಿ ದೊಡ್ಡ ಪಾಲು ಇಲ್ಲೇ ಕೆಟ್ಟಿರುತ್ತದೆ, ಲ್ಯಾಪ್‌ಟಾಪಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು, ಅಂದರೆ ಇಡೀ ಓಎಸ್ ಅಡಕವಾದ ಫೈಲನ್ನು, ಪೆನ್‌ಡ್ರೈವಿಗೆ ಹಾಗೇ ಕಾಪಿ ಮಾಡಿದರೆ ಅದು ಬೂಟ್ ಆಗದು, ಅಂದರೆ ಅದರಿಂದ ಯಂತ್ರ ಶುರುವಾಗದು, ರೂಫಸ್ ಅಥವಾ ಬಲೇನಾ ಎಚರ್‌ನಿಂದ ಬರೆಯಬೇಕು. ಹಳ್ಳಿಯ ಕಡೆ ಮೊಬೈಲ್ ಡೇಟಾದಲ್ಲಿ ಮೂರು ಜಿಬಿಯಷ್ಟು ಫೈಲು ಇಳಿಸುವಾಗ ಸಿಗ್ನಲ್ ಹೋಗಿ ಬಂದು ಮಾಡಿದರೆ ಫೈಲು ಪೂರ್ತಿಯಾದಂತೆ ಕಂಡರೂ ಒಳಗೆ ಕೆಟ್ಟಿರಬಹುದು. ರೂಫಸ್‌ನಲ್ಲಿ ಐಎಸ್‌ಒ ಆಯ್ದ ಮೇಲೆ ಪಕ್ಕದಲ್ಲಿರುವ ಟಿಕ್ ಗುರುತಿನ ಗುಂಡಿ ಒತ್ತಿ, ಎಸ್‌ಎಚ್‌ಎ256 ಎಂಬ 64 ಅಕ್ಷರ-ಅಂಕಿಗಳ ಸಾಲು ಬರುತ್ತದೆ. ಮಿಂಟ್‌ನವರ ತಾಣದಲ್ಲಿ ಕೊಟ್ಟಿರುವ ಸಾಲಿಗೆ ಅದು ಪೂರ್ತಿ ಹೊಂದಬೇಕು. ಒಂದು ಅಕ್ಷರ ಬೇರೆಯಾದರೂ ಫೈಲನ್ನು ಮತ್ತೆ ಇಳಿಸಿ. ಎರಡು ನಿಮಿಷದ ಈ ಕೆಲಸ ಬಿಟ್ಟು ಎರಡು ದಿನ ಲ್ಯಾಪ್‌ಟಾಪ್ ಬಿಚ್ಚಿ ಕೂರುವವರಿದ್ದಾರೆ. 8 ಜಿಬಿ ಪೆನ್‌ಡ್ರೈವ್ ಸಾಕು, ಆದರೆ ಒಳ್ಳೆಯದಿರಲಿ. ಮೇಲೆ 64 ಜಿಬಿ ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಮಾಲು ಮಾರುಕಟ್ಟೆಯಲ್ಲಿ ಇದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಟ್ಟ ಉಚಿತ ತಂತ್ರಾಂಶ ಅದನ್ನು ಹಿಡಿದುಕೊಡುತ್ತದೆ. ಶುರುವಿನಲ್ಲಿ ‘ಸ್ಕ್ವಾಶ್‌ಎಫ್‌ಎಸ್ ಎರರ್’ ಸಾಲುಗಳು ಸುರಿದರೆ ಮೊದಲು ಸಂಶಯಪಡಬೇಕಾದ್ದು ಪೆನ್‌ಡ್ರೈವನ್ನೇ.

ಪೆನ್‌ಡ್ರೈವ್ ಸರಿಯಿದ್ದೂ ಲ್ಯಾಪ್‌ಟಾಪ್ ಅದನ್ನು ಗಮನಿಸದೆ ಹಳೆಯ ವಿಂಡೋಸಿಗೇ ಹೋದರೆ, ಯಾವುದರಿಂದ ಶುರುವಾಗಬೇಕೆಂದು ಆರಿಸುವ ಬೂಟ್ ಮೆನು ತೆರೆಯಬೇಕು. ಆನ್ ಮಾಡಿದೊಡನೆ ಒತ್ತಬೇಕಾದ ಕೀಲಿ ಡೆಲ್ ಮತ್ತು ಲೆನೊವೊಗೆ ಎಫ್12, ಎಚ್‌ಪಿಗೆ ಎಸ್ಕೇಪ್ ಒತ್ತಿ ಎಫ್9, ಏಸಸ್‌ಗೆ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡಬೇಕಾದರೆ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಎಫ್12 ಬೂಟ್ ಮೆನುವನ್ನು ಎನೇಬಲ್ ಮಾಡಬೇಕಾಗುತ್ತದೆ. ಕೆಲವು ಲೆನೊವೊಗಳಲ್ಲಿ ಪಕ್ಕದಲ್ಲಿ ಪಿನ್ನು ಚುಚ್ಚಿ ಒತ್ತುವ ನೋವೊ ಗುಂಡಿ ಇರುತ್ತದೆ.

ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಹೆಸರಲ್ಲಿ ಕಾಣಿಸಬಹುದು, ಒಂದರ ಹೆಸರಿನ ಮೊದಲಿಗೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಯಾವುದೋ ಒಂದು ಎಂದು ಒತ್ತಬೇಡಿ. 2012ರಲ್ಲಿ ವಿಂಡೋಸ್ 8 ಬಂದ ಮೇಲಿನ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ ಯುಇಎಫ್‌ಐ ದಾರಿಯಲ್ಲಿ ಶುರುವಾಗುತ್ತವೆ, ಅವುಗಳ ಡಿಸ್ಕ್ ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿ ಭಾಗಗಳಾಗಿ, ಅಂದರೆ ಪಾರ್ಟಿಷನ್‌ಗಳಾಗಿ, ಹಂಚಿರುತ್ತದೆ. ಅದಕ್ಕೂ ಹಿಂದಿನವು ಹಳೆಯ ಬಯೋಸಿನ ಲೆಗಸಿ ದಾರಿ, ಎಂಬಿಆರ್ ಎಂಬ ಹಳೆಯ ಪದ್ಧತಿ. ಪೆನ್‌ಡ್ರೈವ್ ಒಂದು ದಾರಿಯಲ್ಲಿ ಶುರುವಾಗಿ ಡಿಸ್ಕ್ ಇನ್ನೊಂದು ಪದ್ಧತಿಯಲ್ಲಿದ್ದರೆ ಜಗಳ ಶುರು. ವಿಂಡೋಸ್ ಆದರೆ ‘ಸೆಲೆಕ್ಟೆಡ್ ಡಿಸ್ಕ್ ಹ್ಯಾಸ್ ಆ್ಯನ್ ಎಂಬಿಆರ್ ಪಾರ್ಟಿಷನ್ ಟೇಬಲ್’ ಎಂದು ನಿಲ್ಲಿಸಿಬಿಡುತ್ತದೆ. ಲಿನಕ್ಸ್ ಕೊನೆಯವರೆಗೂ ಹೋಗಿ ‘ಗ್ರಬ್ ಇನ್‌ಸ್ಟಾಲ್ ಫೇಲ್ಡ್’ ಎನ್ನುತ್ತದೆ. ಗ್ರಬ್ ಎಂದರೆ ಲಿನಕ್ಸನ್ನು ಶುರು ಮಾಡಿಕೊಡುವ ಬೂಟ್‌ಲೋಡರ್. ಯುಇಎಫ್‌ಐ ದಾರಿಗೆ ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆದ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಬೇಕು, 512 ಎಂಬಿ ಕೊಟ್ಟರೆ ಧಾರಾಳ. ಲೆಗಸಿ ದಾರಿಯಲ್ಲಿ ಜಿಪಿಟಿ ಡಿಸ್ಕ್ ಬಳಸುವುದಾದರೆ ಬಯೋಸ್ ಗ್ರಬ್ ಎಂದು ಗುರುತು ಹಾಕಿದ 1 ಎಂಬಿ ಜಾಗ ಬಿಡಬೇಕು. ಇಡೀ ಡಿಸ್ಕನ್ನು ಅಳಿಸಿ ಹಾಕುವವರು ಈ ಲೆಕ್ಕ ಮಾಡಬೇಕಿಲ್ಲ, ‘ಇರೇಸ್ ಡಿಸ್ಕ್’ ಆಯ್ದರೆ ಇನ್‌ಸ್ಟಾಲರೇ ಮಾಡಿಕೊಳ್ಳುತ್ತದೆ.

ವಿಂಡೋಸ್‌ನಲ್ಲಿ ಇದೇ ತೊಡಕಿಗೆ ಶಿಫ್ಟ್ ಎಫ್10 ಒತ್ತಿ, ಡಿಸ್ಕ್ ಭಾಗ ಮಾಡುವ ಸಾಧನವಾದ ಡಿಸ್ಕ್‌ಪಾರ್ಟ್‌ಗೆ ಹೋಗಿ ‘ಕ್ಲೀನ್’, ಆಮೇಲೆ ‘ಕನ್ವರ್ಟ್ ಜಿಪಿಟಿ’ ಕೊಡಿ ಎಂದು ವಿಡಿಯೊಗಳು ಹೇಳುತ್ತವೆ. ಆ ‘ಕ್ಲೀನ್’ ಎಂಬ ಒಂದು ಪದ ಸಿ ಮಾತ್ರವಲ್ಲ, ಡಿ, ಇ ಎಲ್ಲವನ್ನೂ ಅಳಿಸುತ್ತದೆ. ಮದುವೆ ಫೋಟೊ, ತೋಟದ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಏನೂ ಉಳಿಯದು. ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟನ್ನು ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆಯೇ, ನಡೆಸಿ, ಡಿಸ್ಕಿನ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಕಿತ್ತು ಪಕ್ಕಕ್ಕಿಟ್ಟ ಮೇಲೆಯೇ ಮುಂದಿನ ಹೆಜ್ಜೆ ಇಡಿ. ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ್ದ ಡಿಸ್ಕ್ ಆದರೆ ರಿಕವರಿ ಕೀ ಇಲ್ಲದೆ ಫೈಲು ತೆರೆಯುವುದಿಲ್ಲ. ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ ಅದನ್ನು ಆಫ್ ಮಾಡಿ.

ಹಳೆಯ ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರಿಗೆ ಇನ್ನೊಂದು ಗೋಡೆ ಅಡ್ಡ ಬರುತ್ತದೆ. ಎಂಬಿಆರ್ ಪದ್ಧತಿಯಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್. ವಿಂಡೋಸ್ 7 ಕಾಲದ ಹಲವು ಎಚ್‌ಪಿಗಳಲ್ಲಿ ಸಿಸ್ಟಮ್, ಸಿ, ರಿಕವರಿ, ಎಚ್‌ಪಿ ಟೂಲ್ಸ್ ಎಂದು ನಾಲ್ಕೂ ಕಾರ್ಖಾನೆಯಲ್ಲೇ ಮುಗಿದಿರುತ್ತವೆ. ಜಾಗ ಬಿಟ್ಟಿದ್ದರೂ ಇನ್‌ಸ್ಟಾಲರ್ ಅದನ್ನು ‘ಅನ್‌ಯೂಸಬಲ್’ ಎಂದು ತೋರಿಸುವುದು ಇದಕ್ಕೇ. ಎಚ್‌ಪಿ ಟೂಲ್ಸ್‌ನ ಫೈಲು ಕಾಪಿ ಮಾಡಿಟ್ಟು ಆ ಪಾರ್ಟಿಷನ್ ತೆಗೆದರೆ ದಾರಿ ಬಿಡುತ್ತದೆ.

ಇನ್‌ಸ್ಟಾಲರ್ ತೆರೆದು ನೋಡಿದರೆ ಡಿಸ್ಕೇ ಕಾಣುವುದಿಲ್ಲ ಎಂಬ ದೂರು ಬೇರೆ. ಬಯೋಸ್ ಡಿಸ್ಕಿನ ಹೆಸರು ತೋರಿಸುತ್ತಿದ್ದು ಲಿನಕ್ಸಿಗೆ ಮಾತ್ರ ಕಾಣದಿದ್ದರೆ ಬಯೋಸ್‌ನಲ್ಲಿ ಸಾಟಾ ಮೋಡ್, ಅಂದರೆ ಯಂತ್ರ ಡಿಸ್ಕಿನೊಡನೆ ಮಾತಾಡುವ ರೀತಿ, ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿಯಲ್ಲಿ ಇದೆಯೇ ನೋಡಿ. ಅದನ್ನು ಎಎಚ್‌ಸಿಐಗೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ. ಆದರೆ ಹಾಗೆ ಬದಲಿಸಿದೊಡನೆ ಹಳೆಯ ವಿಂಡೋಸ್ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎನ್ನುತ್ತದೆ. ವಿಂಡೋಸ್ ಬೇಕಾದವರು ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಎಂಬ ಸಾಧನ ತೆರೆದು ಬೂಟ್ ಭಾಗದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ ಬಯೋಸ್‌ನಲ್ಲಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಒಳಹೊಕ್ಕು ಆ ಟಿಕ್ ತೆಗೆದರೆ ಸರಿಹೋಗುತ್ತದೆ. ಪಿನ್ ಅಷ್ಟೇ ಅಲ್ಲ, ಖಾತೆಯ ಪಾಸ್‌ವರ್ಡೂ ಗೊತ್ತಿರಲಿ. ಬಯೋಸ್‌ನಲ್ಲೇ ಡಿಸ್ಕಿನ ಹೆಸರಿಲ್ಲದಿದ್ದರೆ ಮೋಡ್ ಬದಲಿಸಿ ಫಲವಿಲ್ಲ. ಕೇಬಲ್, ಕನೆಕ್ಟರ್ ಅಥವಾ ಡಿಸ್ಕನ್ನೇ ನೋಡಬೇಕು.

ಈಗ ಅತಿ ಹೆಚ್ಚು ಯಂತ್ರಗಳನ್ನು ಗುಜರಿಗೆ ಕಳಿಸುವ ತೊಂದರೆಗೆ ಬರೋಣ: ಫೈಲು ಕಾಪಿ ಆಗುತ್ತಾ ಆಗುತ್ತಾ ನಡುವೆ ನಿಲ್ಲುವುದು. ವಿಂಡೋಸ್‌ನಲ್ಲಿ 0ಎಕ್ಸ್80070570 ಅಥವಾ 0ಎಕ್ಸ್8007025ಡಿ ಎಂಬ ಸಂಖ್ಯೆ, ಲಿನಕ್ಸ್‌ನಲ್ಲಿ ‘ಇನ್‌ಪುಟ್ ಔಟ್‌ಪುಟ್ ಎರರ್’. ಪೆನ್‌ಡ್ರೈವ್, ಡಿಸ್ಕ್, ರ್‍ಯಾಮ್ ಮೂರರಲ್ಲಿ ಯಾವುದು ಕೆಟ್ಟರೂ ಇದೇ ಸಾಲು ಬರುವುದರಿಂದ ಜನ ದಾರಿ ತಪ್ಪುತ್ತಾರೆ. ಬೇರ್ಪಡಿಸುವ ಉಪಾಯ ಇದು. ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಶೇಕಡಾದಲ್ಲಿ ನಿಂತರೆ ಪೆನ್‌ಡ್ರೈವ್ ಇಲ್ಲವೇ ಡಿಸ್ಕ್. ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ, ಪ್ರತಿ ಸಲ ಬೇರೆ ಸಂಖ್ಯೆ ಎಂದರೆ ರ್‍ಯಾಮ್ ಅಥವಾ ಬಿಸಿ. ಲೈವ್ ಮೋಡ್‌ನಲ್ಲಿ ಗಂಟೆಗಟ್ಟಲೆ ಬ್ರೌಸರ್ ಚೆನ್ನಾಗಿ ನಡೆದು ಇನ್‌ಸ್ಟಾಲ್ ಮಾತ್ರ ಕೆಟ್ಟರೆ ಬೆರಳು ಡಿಸ್ಕಿನ ಕಡೆ ತೋರುತ್ತದೆ.

ಡಿಸ್ಕಿನ ಆರೋಗ್ಯ ನೋಡಲು ಬಿಚ್ಚಬೇಕಿಲ್ಲ. ಲೈವ್ ಮಿಂಟ್‌ನಲ್ಲಿ ಡಿಸ್ಕ್ಸ್ ಎಂಬ ಅಪ್ಲಿಕೇಶನ್ ತೆರೆದು ಮೆನುವಿನಲ್ಲಿ ಸ್ಮಾರ್ಟ್ ಡೇಟಾ, ಅಂದರೆ ಡಿಸ್ಕ್ ತಾನೇ ಇಡುವ ಆರೋಗ್ಯದ ದಾಖಲೆ, ನೋಡಿ. ವಿಂಡೋಸ್‌ನಲ್ಲಾದರೆ ಕ್ರಿಸ್ಟಲ್ ಡಿಸ್ಕ್ ಇನ್ಫೊ. 5ನೇ ಸಂಖ್ಯೆಯ ಸಾಲು ಕೆಟ್ಟು ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳ, ಲೆಕ್ಕ, 197 ಓದಲಾಗದೆ ಕಾಯುತ್ತಿರುವವು, 198 ಪರೀಕ್ಷೆಯಲ್ಲಿ ಸರಿಪಡಿಸಲಾಗದವು. 197 ಸೊನ್ನೆಯಾಗಿಲ್ಲದಿದ್ದರೆ ಆ ಡಿಸ್ಕನ್ನು ನಂಬಬೇಡಿ. ‘ಫಾರ್ಮ್ಯಾಟ್ ಹೊಡೆದರೆ ಬ್ಯಾಡ್ ಸೆಕ್ಟರ್ ಹೋಗುತ್ತದೆ’ ಎಂಬ ಮಾತಿಗೆ ಕಿವಿಗೊಡಬೇಡಿ, ಕೆಲವು ತಿಂಗಳು ತಳ್ಳಬಹುದು ಅಷ್ಟೇ. 199ನೇ ಸಾಲು ಮಾತ್ರ ಏರುತ್ತಿದ್ದು ಮೇಲೆ ಹೇಳಿದ ಮೂರೂ ಸೊನ್ನೆ ಇದ್ದರೆ ಡಿಸ್ಕ್ ಚೆನ್ನಾಗಿದೆ, ಕೇಬಲ್ ಅಥವಾ ಕನೆಕ್ಟರ್ ಸರಿಯಿಲ್ಲ. ಹಾರ್ಡ್‌ಡಿಸ್ಕ್ ಹೋಗಿದ್ದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕ್, ಹಾಕಿಸಿ. ಮಿಂಟ್‌ಗೆ, ಮನೆಯ ಕೆಲಸಕ್ಕೆ 240 ಅಥವಾ 256 ಜಿಬಿ ಸಾಕು. ಎಸ್‌ಎಸ್‌ಡಿ ಸಾಮಾನ್ಯವಾಗಿ 7 ಮಿಲಿಮೀಟರ್ ದಪ್ಪ, ಹಳೆಯ ಡಿಸ್ಕ್ 9.5 ಮಿ.ಮೀ. ಇರುತ್ತದೆ. ಆ ಎರಡೂವರೆ ಮಿಲಿಮೀಟರಿಗೆ ಸ್ಪೇಸರ್ ಇಡದಿದ್ದರೆ ಎಸ್‌ಎಸ್‌ಡಿ ಅಲುಗಿ, ಚೆನ್ನಾಗಿದ್ದ ಇನ್‌ಸ್ಟಾಲ್ ಮತ್ತೆ ಕೈಕೊಡಬಹುದು.

ರ್‍ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಬೇರೆ ಪೆನ್‌ಡ್ರೈವಿಗೆ ಬರೆದು ರಾತ್ರಿಯಿಡೀ ಬಿಡಿ. 6ನೇ ಆವೃತ್ತಿಯಿಂದ ಅದು ಯುಇಎಫ್‌ಐನಲ್ಲೂ ನಡೆಯುತ್ತದೆ. ಒಂದೇ ಒಂದು ಕೆಂಪು ಸಾಲು ಬಂದರೂ ಫೇಲ್ ಎಂದೇ ತಿಳಿಯಿರಿ. ಆದರೆ ಆಗಲೇ ಹೊಸ ರ್‍ಯಾಮ್ ತರಲು ಓಡಬೇಡಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಮಳೆಗಾಲದ ತೇವಕ್ಕೆ ರ್‍ಯಾಮಿನ ಚಿನ್ನದ ಬಣ್ಣದ ಕಾಲುಗಳು ಕಿಲುಬು ಹಿಡಿದಿರುತ್ತವೆ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ರ್‍ಯಾಮ್ ಹೊರತೆಗೆದು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಎರಡೂ ಸ್ಲಾಟ್‌ನಲ್ಲಿ ಪರೀಕ್ಷಿಸಿ. ಕೊಳ್ಳುವುದೇ ಆದರೆ ಹಳೆಯದರ ಮೇಲಿನ ಚೀಟಿ ಓದಿ: ಪಿಸಿ3 ಎಂದರೆ 1.5 ವೋಲ್ಟ್, ಪಿಸಿ3ಎಲ್ ಎಂದರೆ 1.35 ವೋಲ್ಟ್. ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ 1.35ರದ್ದನ್ನೇ ಬೇಡುತ್ತವೆ. 1.5ರದ್ದು ಹಾಕಿದರೆ ಪರದೆಯೇ ಬಾರದೆ, ಅದಕ್ಕೂ ‘ಬೋರ್ಡ್ ಹೋಗಿದೆ’ ಎಂಬ ತೀರ್ಪು ಬೀಳುತ್ತದೆ.

ಬಿಸಿಯ ವಿಷಯ ಚಿಕ್ಕದು. ಫ್ಯಾನಿನ ಹಿಂದಿನ ಜಾಲರಿಯಲ್ಲಿ ಧೂಳು ಕಟ್ಟಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಯಂತ್ರ ನಡುವೆ ತಾನಾಗಿ ಆಫ್ ಆಗುತ್ತದೆ. ಕರೆಂಟೂ ಅಷ್ಟೇ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ನಿಮಿಷವೂ ನಿಲ್ಲುವುದಿಲ್ಲ. ಡಿಸ್ಕ್ ಭಾಗ ಮಾಡುವ ಹೊತ್ತಿನಲ್ಲಿ ಮಿಂಚು ಗುಡುಗಿಗೆ ಕರೆಂಟ್ ಹೋದರೆ ಹಳೆಯ ಪಾರ್ಟಿಷನ್ನೂ ಹಾಳಾಗಬಹುದು. ಯುಪಿಎಸ್ ಅಥವಾ ಇನ್ವರ್ಟರ್ ಇರುವ ಪ್ಲಗ್ಗಿನಲ್ಲೇ ಈ ಕೆಲಸ ಮಾಡಿ.

ಮಿಂಟ್‌ನ ಮೆನು ಬಂದು ಆಮೇಲೆ ಪರದೆ ಕಪ್ಪಾದರೆ ಗ್ರಾಫಿಕ್ಸ್ ತೊಂದರೆ, ಎನ್‌ವಿಡಿಯಾ ಚಿಪ್ ಇರುವವುಗಳಲ್ಲಿ ಹೆಚ್ಚು. ಮೆನುವಿನಲ್ಲಿ ‘ಇ’ ಒತ್ತಿ, ‘ಕ್ವಯಟ್ ಸ್ಪ್ಲಾಶ್’ ಇರುವ ಸಾಲಿನಲ್ಲಿ ಆ ಪದಗಳಾದ ಮೇಲೆ ಜಾಗ ಬಿಟ್ಟು ನೋಮೋಡ್‌ಸೆಟ್ (nomodeset) ಎಂದು ಒಂದೇ ಪದವಾಗಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬರೆದು ಎಫ್10 ಒತ್ತಿ. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ಸರಿಯಾದ ಡ್ರೈವರ್ ಹಾಕಿಕೊಳ್ಳಬೇಕು. ಶುರುವಿನಲ್ಲಿ ಹಾಯುವ ‘ಎಸಿಪಿಐ ಎರರ್’ ಸಾಲುಗಳಿಗೆ ಹೆದರುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಅಪ್‌ಡೇಟ್ ಮಾಡುವಾಗ ‘ನಾಟ್ ವ್ಯಾಲಿಡ್ ಯೆಟ್’ ಎಂದು ಬಂದರೆ ಮೂಲೆಯ ಗಡಿಯಾರ ನೋಡಿ. ಬಯೋಸ್‌ನ ಗಡಿಯಾರ ನಡೆಸುವ ಪುಟ್ಟ ಸೆಲ್ ಸತ್ತು ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು 3 ವೋಲ್ಟಿನ ಸಿಆರ್2032, ಕೆಲವಕ್ಕೆ ಎರಡು ತಂತಿಯ ಕನೆಕ್ಟರ್ ಸೇರಿದ್ದೇ ಬೇಕು.

ಎಲ್ಲ ಮುಗಿದು, ಪೆನ್‌ಡ್ರೈವ್ ಕಿತ್ತು, ರೀಸ್ಟಾರ್ಟ್ ಮಾಡಿದಾಗ ‘ನೋ ಬೂಟಬಲ್ ಡಿವೈಸ್’ ಬಂದರೆ ಎದೆಗುಂದಬೇಡಿ, ಓಎಸ್ ಒಳಗೇ ಇದೆ. ಲೆಗಸಿ ಯಂತ್ರದಲ್ಲಿ ಬೂಟ್‌ಲೋಡರ್ ತಪ್ಪಿ ಪೆನ್‌ಡ್ರೈವಿಗೇ ಬರೆಯಲ್ಪಟ್ಟಿರಬಹುದು. ಇನ್‌ಸ್ಟಾಲರ್‌ನ ಕೊನೆಯ ಆಯ್ಕೆಯಲ್ಲಿ ಒಳಗಿನ ಡಿಸ್ಕನ್ನೇ ಆರಿಸಬೇಕು. ಏಸರ್‌ನ ಹಲವು ಯಂತ್ರಗಳಲ್ಲಿ ಕಾರಣವೇ ಬೇರೆ, ನಾವು ನಂಬಿಕಸ್ತ ಎಂದು ಗುರುತಿಸದ ಫೈಲಿನಿಂದ ಅವು ಶುರುವಾಗುವುದಿಲ್ಲ. ಬಯೋಸ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟು, ಸೆಕ್ಯುರಿಟಿ ಭಾಗದಲ್ಲಿ ಯುಇಎಫ್‌ಐ ಫೈಲನ್ನು ‘ಟ್ರಸ್ಟೆಡ್’ ಎಂದು ಗುರುತಿಸುವ ಆಯ್ಕೆಗೆ ಹೋಗಿ, ಇಎಫ್‌ಐ ಫೋಲ್ಡರಿನೊಳಗಿನ ಉಬುಂಟು ಫೋಲ್ಡರಿನಲ್ಲಿರುವ ಶಿಮ್‌ಎಕ್ಸ್64 ಫೈಲನ್ನು ಸೇರಿಸಬೇಕು. ಮಿಂಟನ್ನು ಉಬುಂಟು ಎಂಬ ಇನ್ನೊಂದು ಲಿನಕ್ಸಿನ ಮೇಲೆ ಕಟ್ಟಿರುವುದರಿಂದ, ಹಾಕಿದ್ದು ಮಿಂಟ್ ಆದರೂ ಫೋಲ್ಡರಿನ ಹೆಸರು ಉಬುಂಟು ಎಂದೇ ಇರುತ್ತದೆ. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಮರೆತರೆ ಬಯೋಸ್ ಬಾಗಿಲು ಮುಚ್ಚಿದಂತೆ. ಕೆಲವು ಎಚ್‌ಪಿಗಳು ಬೂಟ್ ಕ್ರಮ ಬದಲಿಸಿದರೂ ವಿಂಡೋಸಿಗೇ ಹೋಗುತ್ತವೆ; ಎಫ್9 ಮೆನುವಿನಿಂದ ಉಬುಂಟು ಆಯ್ದು ಒಳಹೊಕ್ಕು, ಬೂಟ್ ರಿಪೇರ್ ಎಂಬ ಸಾಧನ ನಡೆಸಿದರೆ ಬಹಳಷ್ಟು ಸಲ ಸರಿಯಾಗುತ್ತದೆ.

ವೈಫೈ ಬಾರದಿದ್ದರೆ ಬ್ರಾಡ್‌ಕಾಮ್ ಚಿಪ್ ಇರಬಹುದು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಆ ಇಂಟರ್‌ನೆಟ್‌ನಿಂದ ಡ್ರೈವರ್ ಮ್ಯಾನೇಜರ್ ಡ್ರೈವರ್ ಇಳಿಸಿಕೊಳ್ಳುತ್ತದೆ. ಕನ್ನಡ ಬರೆಯಲು ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆ ಎಂ17ಎನ್ ಹಾಕಿದರೆ ನುಡಿ ತಂತ್ರಾಂಶದಲ್ಲಿ ರೂಢಿಯಾದ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ. ಆದರೆ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದಿದ್ದರೆ ಗೀಚಿದಂತೆ ಕಾಣುತ್ತವೆ. ವಿಂಡೋಸ್ ಇರುವಾಗಲೇ ಪರಿವರ್ತಿಸಿ.

ಎಲ್ಲರಿಗೂ ಲಿನಕ್ಸ್ ಹಾಕಿ ಎಂದು ನಾವು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಡುವವರು, ಟೆಂಡರಿಗೆ ಡಿಜಿಟಲ್ ಸಹಿಯ ಡಾಂಗಲ್ ಬಳಸುವವರು ವಿಂಡೋಸ್‌ನಲ್ಲೇ ಉಳಿಯುವುದು ಒಳ್ಳೆಯದು. ನಮ್ಮ ಕಚೇರಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ2900 ಪ್ರಿಂಟರ್ ಲಿನಕ್ಸಿನಲ್ಲಿ ಬಹಳ ಕಾಡುತ್ತದೆ. ಹೆಚ್ಚಿನ ಎಚ್‌ಪಿ ಪ್ರಿಂಟರ್‌ಗಳಿಗೆ ಆ ತೊಡಕಿಲ್ಲ. ಓದುವ ಮಕ್ಕಳಿಗೆ, ಆನ್‌ಲೈನ್ ಅರ್ಜಿ ಹಾಕುವವರಿಗೆ, ವಿಡಿಯೊ ನೋಡುವ ಹಿರಿಯರಿಗೆ ಮಿಂಟ್ ಸಾಕು.

ಜಿಲ್ಲೆಯ ಶಾಲೆ-ಕಾಲೇಜು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೆ ನಮ್ಮ ವಿನಂತಿ ಇಷ್ಟು. ಕಂಪ್ಯೂಟರನ್ನು ನಿರುಪಯುಕ್ತ ಎಂದು ಪಟ್ಟಿಗೆ ಸೇರಿಸುವ ಮೊದಲು ಪರದೆಯ ದೋಷದ ಫೋಟೊ, ಡಿಸ್ಕಿನ ಸ್ಮಾರ್ಟ್ ವರದಿ, ಮೆಮ್‌ಟೆಸ್ಟ್ ಫಲಿತಾಂಶ ಮೂರನ್ನೂ ದುರಸ್ತಿ ಮಾಡುವವರಿಂದ ಬರಹದಲ್ಲಿ ಪಡೆಯಿರಿ. ಮೂರು ಕೆಟ್ಟ ಯಂತ್ರಗಳಿಂದ ಒಂದೆರಡು ಒಳ್ಳೆಯವನ್ನು ಜೋಡಿಸಲು ಆಗುತ್ತದೆಯೇ ಎಂದೂ ಕೇಳಿ. ಒಬ್ಬರ ಡಿಸ್ಕ್ ಹೋಗಿರುತ್ತದೆ, ಇನ್ನೊಬ್ಬರ ಪರದೆ ಒಡೆದಿರುತ್ತದೆ. ನಿಜವಾಗಿ ಮುಗಿದಿದ್ದನ್ನು 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ಕೊಡುವ ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಳ್ಳಿ, ಅದರಲ್ಲಿ ಮಕ್ಕಳ ಆಧಾರ್ ಪ್ರತಿ, ಅಂಕಪಟ್ಟಿ, ಬ್ಯಾಂಕ್ ವಿವರಗಳು ಹಾಗೇ ಉಳಿದಿರುತ್ತವೆ.

ಇಂತಿ,
ಕಂಪ್ಯೂಟರ್ ದುರಸ್ತಿ ಕೆಲಸದವರು,
ಹಾಸನ